ಹಾಡಿನೊಳಗಿನ ‘ನೀನು’ ಯಾರು? ಡಾರ್ಕ್ ಪಾಪ್ ಸಾಹಿತ್ಯ ಬಿಡಿಸಿ ಓದುವ ಬಗೆ

ಮೂರು ನಿಮಿಷದ ಅಳತೆ, ಬಾಯಿಗೆ ಹತ್ತುವ ಪಲ್ಲವಿ, ಕಾಲು ಕುಣಿಸುವ ಬೀಟ್. ಪಾಪ್ ಹಾಡಿಗೆ ಬೇಕಾದದ್ದೆಲ್ಲ ಇರುತ್ತದೆ, ಮಾತು ಮಾತ್ರ ಭಯ, ಚಟ, ಸಾವು, ಒಂಟಿತನ, ಕೊರಳಿಗೆ ಉರುಲಾದ ಪ್ರೀತಿಯ ಸುತ್ತ ತಿರುಗುತ್ತದೆ. ಇದಕ್ಕೆ ಡಾರ್ಕ್ ಪಾಪ್ ಎನ್ನುತ್ತಾರೆ.

ಕಲಬುರಗಿ, ಬೀದರ, ಯಾದಗಿರಿ ಸೀಮೆಯವರಿಗೆ ಈ ಜೋಡಣೆ ಹೊಸದೇನಲ್ಲ. ಮೊಹರಂದಾಗ ಅಲಾಯಿ ಕುಣಿಯ ಸುತ್ತ ಹಲಗೆ ಪೆಟ್ಟಿಗೆ ಹೆಜ್ಜೆ ಹಾಕುತ್ತ ಹಾಡುವುದು ಕರ್ಬಲಾದ ಸಾವಿನ ಪದಗಳನ್ನೇ. ಕಾಲು ಕುಣಿಯುತ್ತಿರುತ್ತದೆ, ಮಾತು ಅಳುತ್ತಿರುತ್ತದೆ. ಇನ್ನು ಕಡಕೋಳ ಮಡಿವಾಳಪ್ಪ, ಚನ್ನೂರ ಜಲಾಲಸಾಬರ ತತ್ವಪದಗಳನ್ನು ಏಕತಾರಿ ಜೊತೆ ಕೇಳಿ ಬೆಳೆದವರಿಗೆ, ಪದದೊಳಗಿನ ‘ತಂಗಿ’ ಒಡಹುಟ್ಟಿದವಳಲ್ಲ, ‘ಮನೆ’ ಇಟ್ಟಂಗಿಯದಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದೇ ಕಿವಿ ಇಂಗ್ಲಿಷ್ ಹಾಡಿಗೆ ಬಂದ ಕೂಡಲೇ ಡಿಕ್ಷನರಿ ಕೈಗೆತ್ತಿಕೊಂಡು ಒಂದೊಂದೇ ಶಬ್ದದ ಅರ್ಥ ಹುಡುಕಲು ಕೂಡುತ್ತದೆ. ಎಲ್ಲ ಶಬ್ದದ ಅರ್ಥ ಸಿಕ್ಕ ಮೇಲೂ ಹಾಡು ಕೈಗೆ ಸಿಗುವುದಿಲ್ಲ. ಭಜನೆಯಲ್ಲಿ ಕೂತಾಗಿನ ಕಿವಿಯನ್ನೇ ಇಲ್ಲಿಗೂ ತರಬೇಕು.

ಬೇಕಾಗುವ ಸಾಮಾನು

ಒಂದು ಹಾಡು, ಒಂದೂವರೆ ತಾಸು, ಒಂದು ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು, ಎರಡೂ ಕಿವಿ ಕೆಲಸ ಮಾಡುವ ಇಯರ್‌ಫೋನು. ಎರಡೂ ಕಿವಿ ಅಂತ ಒತ್ತಿ ಹೇಳಲು ಕಾರಣವಿದೆ. ಇಂಥ ಹಾಡುಗಳಲ್ಲಿ ಪಿಸುಮಾತನ್ನು ಎಡಗಿವಿಗೆ ಮಾತ್ರ, ಅದಕ್ಕೆ ಉತ್ತರ ಕೊಡುವ ದನಿಯನ್ನು ಬಲಗಿವಿಗೆ ಮಾತ್ರ ಬಿಡುವುದು ಉಂಟು. ಬಸ್ಸಿನಲ್ಲಿ ಗೆಳತಿಯರಿಬ್ಬರು ಒಂದೇ ಇಯರ್‌ಫೋನು ಹಂಚಿಕೊಂಡು ಕೇಳಿದರೆ ಒಬ್ಬಳಿಗೆ ಪ್ರಶ್ನೆ, ಇನ್ನೊಬ್ಬಳಿಗೆ ಉತ್ತರ ಸಿಕ್ಕು ಇಳಿಯುವ ಸ್ಟಾಪಿನಲ್ಲಿ ಜಗಳವೇ ಆದೀತು. ಫೋನಿನ ಸ್ಪೀಕರಿನಲ್ಲಿ ಕೇಳುವುದೂ ಬೇಡ. ಹಾಡಿನ ತಳದ ಗುಡುಗಿನಂಥ ಬೇಸ್ ಅಷ್ಟು ಸಣ್ಣ ಸ್ಪೀಕರಿನಿಂದ ಹೊರಗೇ ಬರುವುದಿಲ್ಲ. ಎಷ್ಟೋ ಹಾಡುಗಳಲ್ಲಿ ಹೆದರಿಕೆ ಇರುವುದು ಅಲ್ಲೇ.

ಮೊದಲ ಸಲ: ಸಾಹಿತ್ಯ ನೋಡದೆ

ಪರದೆ ಮಗುಚಿಟ್ಟು ಹಾಡು ಪೂರ್ತಿ ಕೇಳಿ. ಮುಗಿದ ಮೇಲೆ ನಾಲ್ಕು ಸಂಗತಿ ಬರೆದುಕೊಳ್ಳಿ.

ವೇಗ: 15 ಸೆಕೆಂಡಿನಲ್ಲಿ ಎಷ್ಟು ಬಡಿತ ಬಿದ್ದವೆಂದು ಎಣಿಸಿ ನಾಲ್ಕರಿಂದ ಗುಣಿಸಿ. 60–80 ಬಂದರೆ ಆರಾಮಾಗಿ ಕೂತವರ ಎದೆಬಡಿತದ ಸನಿಹ. 120ರ ಸುತ್ತ ಬಂದರೆ ಕುಣಿತದ ವೇಗ. ಕುಣಿತದ ವೇಗಕ್ಕೆ ಸಾವಿನ ಮಾತು ಕೂತಿದ್ದರೆ ಆ ತಿಕ್ಕಾಟದಲ್ಲೇ ಅರ್ಥವಿರುತ್ತದೆ, ಗುರುತು ಹಾಕಿಕೊಳ್ಳಿ.

ದನಿ: ಹತ್ತಿರದಿಂದ ಪಿಸುಗುಡುತ್ತದೋ, ದೂರದ ಗುಮ್ಮಟದೊಳಗಿನಿಂದ ಬಂದಂತಿದೆಯೋ? ಪಲ್ಲವಿಯಲ್ಲಿ ಒಂದೇ ದನಿ ಎರಡಾಗುತ್ತದೋ? ಹಾಗಾಗಿದ್ದರೆ ಹಾಡುವವಳು ತನ್ನೊಂದಿಗೇ ಮಾತಾಡುತ್ತಿರಬಹುದು.

ಸ್ವರ: ಮನೆಯಲ್ಲಿ ಹಾರ್ಮೋನಿಯಂ ಇದ್ದವರಿಗೆ ಇದು ಸುಲಭ. ಹಾಡು ಮತ್ತೆ ಮತ್ತೆ ಮರಳಿ ಬಂದು ನಿಲ್ಲುವ ಸ್ವರವನ್ನು ಷಡ್ಜ ಮಾಡಿಕೊಂಡು ಉಳಿದವನ್ನು ಹುಡುಕಿ. ಗಾಂಧಾರ, ಧೈವತ, ನಿಷಾದ ಕೋಮಲವಾಗಿದ್ದರೆ ಅದು ಪಾಶ್ಚಾತ್ಯರ ಮೈನರ್, ನಮ್ಮ ಆಸಾವರಿ ಥಾಟ್. ರಿಷಭವೂ ಕೋಮಲವಾಗಿದ್ದರೆ ಭೈರವಿ ಥಾಟ್. ಇಲ್ಲೊಂದು ಎಚ್ಚರ ಬೇಕು. ಭೈರವಿ ನಮ್ಮ ಕಿವಿಗೆ ಭಕ್ತಿ, ಕಛೇರಿಯ ಕೊನೆ, ಬೆಳಗಿನ ಭಜನೆ. ಅದೇ ಕೋಮಲ ರಿಷಭ ಪಾಶ್ಚಾತ್ಯ ಪಾಪ್ ಕಿವಿಗೆ ಗಂಡಾಂತರದ ಸೂಚನೆ. ನಮಗೆ ಹಿತವೆನಿಸಿತೆಂದು ಹಾಡೂ ಹಿತದ್ದೆಂದು ತಿಳಿದರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪಿತು.

ನಾಲ್ಕನೆಯದು ಸದ್ದು: ಬಾಗಿಲು, ಉಸಿರು, ಗಾಜು, ಯಂತ್ರ, ಏನು ಕೇಳಿಸಿತೋ ಅದು.

ಎರಡನೆಯ ಸಲ: ಕೈಯಾರೆ ಬರೆಯುವುದು

ಸಾಹಿತ್ಯವನ್ನು ಕಾಪಿ ಮಾಡಿ ಅಂಟಿಸಬೇಡಿ, ಸಾಲಿಗೊಂದರಂತೆ ಕೈಯಿಂದ ಬರೆಯಿರಿ. ನೆಟ್ಟಿನಲ್ಲಿ ಸಿಗುವ ಎಷ್ಟೋ ಸಾಹಿತ್ಯ ಕೇಳುಗರೇ ಕೇಳಿ ಬರೆದದ್ದು, ತಪ್ಪಿರುತ್ತದೆ. ವಿಡಿಯೊ ಕೆಳಗೆ ತಾನೇ ಮೂಡುವ ಅಕ್ಷರ ಇನ್ನೂ ತಪ್ಪು, ಪಿಸುದನಿ ಬಂದರಂತೂ ಕೇಳುವುದೇ ಬೇಡ. ಗಾಯಕರ ಅಧಿಕೃತ ಲಿರಿಕ್ ವಿಡಿಯೊ ಇದ್ದರೆ ಅದನ್ನೇ ನಂಬಿ. ಇಲ್ಲದಿದ್ದರೆ ಎರಡು ಕಡೆಯ ಪಾಠ ತಾಳೆ ಹಾಕಿ, ಹೊಂದದ ಸಾಲನ್ನು ಮುಕ್ಕಾಲು ವೇಗದಲ್ಲಿ ಕೇಳಿ ತೀರ್ಮಾನಿಸಿ. ಎಡಕ್ಕೆ ಎರಡು ಬೆರಳಿನಷ್ಟು ಅಂಚು ಬಿಟ್ಟು ಅಲ್ಲಿ ಸಮಯ ಬರೆಯಿರಿ: ಚರಣ ಎಲ್ಲಿಂದ, ಪಲ್ಲವಿ ಎಲ್ಲಿಂದ, ಎರಡನೆಯ ಪಲ್ಲವಿ ಮುಗಿದ ಮೇಲೆ ಧಾಟಿ ಬದಲಾಗುವ ತುಂಡು ಎಲ್ಲಿಂದ. ಈ ತುಂಡಿಗೆ ಬ್ರಿಜ್ ಎನ್ನುತ್ತಾರೆ. ಮೂರು ನಿಮಿಷದ ಹಾಡಿನಲ್ಲಿ ಸಾಮಾನ್ಯವಾಗಿ ಎರಡು ನಿಮಿಷ ದಾಟಿದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಮುಚ್ಚಿಟ್ಟದ್ದು ಹೊರಬೀಳುವುದು ಹೆಚ್ಚಾಗಿ ಇಲ್ಲಿ.

ಪಲ್ಲವಿ ಮೂರು ಸಲ ಬಂದರೆ ಮೂರು ಸಲವೂ ಪೂರ್ತಿ ಬರೆಯಿರಿ. ‘ಮತ್ತೆ ಅದೇ’ ಎಂದು ಗೆರೆ ಎಳೆದು ಬಿಟ್ಟರೆ, ಕೊನೆಯ ಸಲ ಬದಲಾದ ಒಂದು ಶಬ್ದ ಕೈತಪ್ಪುತ್ತದೆ.

ಮೂರನೆಯ ಸಲ: ‘ನಾನು’ ಯಾರು, ‘ನೀನು’ ಯಾರು

ಒಂದು ಬಣ್ಣದಿಂದ ‘ನಾನು’ಗಳಿಗೆ, ಇನ್ನೊಂದರಿಂದ ‘ನೀನು’ಗಳಿಗೆ ಸುತ್ತು ಹಾಕಿ. ಅರ್ಧ ಕೆಲಸ ಇದೇ.

‘ನಾನು’ ಅಂದರೆ ಹಾಡುವವರೇ ಎಂದು ಹಿಡಿಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಶರಣ ಸತಿ ಲಿಂಗ ಪತಿ ಎಂದ ನೆಲದವರು ಈ ತಪ್ಪು ಮಾಡಬಾರದು. ಗಂಡಸು ಹೆಂಡತಿಯಾಗಿ ನುಡಿಯುವುದು ಕಲ್ಯಾಣದಲ್ಲಿ 12ನೇ ಶತಮಾನಕ್ಕೇ ಆಗಿಹೋಗಿದೆ. ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ 2019ರಲ್ಲಿ ತಂದ ‘ಬರಿ ಎ ಫ್ರೆಂಡ್’ ಹಾಡಿನಲ್ಲಿ ಮಾತಾಡುವುದು ಮಂಚದ ಕೆಳಗಿನ ಭೂತ ಎಂದು ಆಕೆಯೇ ಹೇಳಿದ್ದಾಳೆ. (ಈ ‘ಬರಿ’ ನಮ್ಮ ಬರೀ ಅಲ್ಲ, ಹೂಳು ಎಂದರ್ಥ.) ಅದನ್ನು ಹುಡುಗಿಯ ಡೈರಿಯಂತೆ ಓದಿದರೆ ಒಂದು ಸಾಲೂ ಕೂಡಿಬರುವುದಿಲ್ಲ, ಭೂತದ ಬಾಯಿಂದ ಓದಿದರೆ ಬೀಗ ಕಳಚುತ್ತದೆ. ಆಪ್‌ನಲ್ಲಿ ಹಾಡಿನ ಕ್ರೆಡಿಟ್ಸ್ ತೆರೆದು ಬರೆದವರ ಹೆಸರನ್ನೂ ನೋಡಿ. ಆಕೆಯ ಹಾಡುಗಳಲ್ಲಿ ಅಣ್ಣ ಫಿನಿಯಸ್‌ನ ಕೈಯೂ ಇರುತ್ತದೆ. ಇಬ್ಬರು ಕೂತು ಕಟ್ಟಿದ ‘ನಾನು’ ಒಬ್ಬರ ಆತ್ಮಕಥೆ ಹೇಗಾದೀತು?

‘ನೀನು’ ಇನ್ನೂ ಕಠಿಣ. ಇಂಗ್ಲಿಷಿನ ‘ಯು’ ಒಬ್ಬರೋ ಹಲವರೋ, ಹಿರಿಯರೋ ಕಿರಿಯರೋ ಎಂದು ಬಾಯಿಬಿಡುವುದಿಲ್ಲ. ಅದು ಪ್ರಿಯಕರ ಇರಬಹುದು, ಸತ್ತ ಗೆಳೆಯ, ತಾಯಿ, ದೇವರು, ಕುಡಿತ, ಖ್ಯಾತಿ, ಕನ್ನಡಿಯಲ್ಲಿನ ಮುಖ, ಯಾವುದೂ ಇರಬಹುದು. ‘ಅವಳು’ ಕೂಡ ಅಷ್ಟೇ. ಗಾಯಕ ದಿ ವೀಕೆಂಡ್‌ನ ‘ಕಾಂಟ್ ಫೀಲ್ ಮೈ ಫೇಸ್’ 2015ರಲ್ಲಿ ಪ್ರೇಮಗೀತೆಯಂತೆ ಊರೂರು ಹರಿದಾಡಿತು. ಮುಖ ಮರಗಟ್ಟಿಸುವ ‘ಅವಳು’ ಕೊಕೇನು. ಮಕ್ಕಳ ಕಾರ್ಯಕ್ರಮವೊಂದರ ಪ್ರಶಸ್ತಿಗೆ ಅದು ನಾಮನಿರ್ದೇಶನಗೊಂಡದ್ದನ್ನು ಮರುವರ್ಷ ಆತನೇ ಇನ್ನೊಂದು ಹಾಡಿನಲ್ಲಿ ಗೇಲಿ ಮಾಡಿದ.

ಇದನ್ನು ಪರೀಕ್ಷಿಸಲು ನಮ್ಮ ಕೈಯಲ್ಲಿ ಇಂಗ್ಲಿಷರಿಗಿಲ್ಲದ ಒಂದು ಉಪಾಯವಿದೆ. ಹಾಡನ್ನು ಕನ್ನಡಕ್ಕೆ, ಅದೂ ಪುಸ್ತಕದ ಕನ್ನಡಕ್ಕಲ್ಲ, ಮನೆಯ ಮಾತಿಗೆ ಇಳಿಸಿ. ‘ನೀ ಹೋಗಬ್ಯಾಡ’ ಅನ್ನಬೇಕೋ, ‘ನೀವು ಹೋಗಬ್ಯಾಡ್ರಿ’ ಅನ್ನಬೇಕೋ? ಬಂದದ್ದು ‘ಬಂದನ’, ‘ಬಂದಾಳ’, ಇಲ್ಲ ‘ಬಂದದ’? ಕನ್ನಡ ಕ್ರಿಯಾಪದ ಉತ್ತರ ಕೇಳದೆ ಮುಂದೆ ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಜಾರಿಸಿಕೊಂಡು ಹೋಗಿದ್ದನ್ನು ಇಲ್ಲಿ ತೀರ್ಮಾನ ಮಾಡಲೇಬೇಕಾಗುತ್ತದೆ. ಮನೆಮಾತು ಉರ್ದು ಇದ್ದವರಿಗೆ ‘ತೂ’ ಮತ್ತು ‘ಆಪ್’ ನಡುವೆ ಅದೇ ಇಕ್ಕಟ್ಟು. ಮೂರು ಸಲ ಇಳಿಸಿ ನೋಡಿ: ಒಮ್ಮೆ ‘ನೀನು’ ಪ್ರಿಯಕರ, ಒಮ್ಮೆ ಚಟ, ಒಮ್ಮೆ ತಾನೇ. ಯಾವುದರಲ್ಲಿ ಅತಿ ಕಡಿಮೆ ಸಾಲುಗಳು ತೊಡಕುತ್ತವೋ ಅದನ್ನು ಮುಂದಕ್ಕೆ ಒಯ್ಯಿರಿ. ಎರಡು ಓದುಗಳು ಸಮಸಮ ಬಂದರೆ ಎರಡನ್ನೂ ಇಟ್ಟುಕೊಳ್ಳಿ. ಬರೆದವರು ಬೇಕೆಂದೇ ಹಾಗೆ ಬಿಟ್ಟಿರುತ್ತಾರೆ.

ನಾಲ್ಕನೆಯ ಸಲ: ಚಿತ್ರಗಳ ಊರು ಯಾವುದು

ಇಲ್ಲಿ ಎಡವದ ಕನ್ನಡ ಓದುಗರು ಕಡಿಮೆ. ಶಬ್ದ ತಿಳಿದಿರುತ್ತದೆ, ಅದರ ಹವೆ ತಿಳಿದಿರುವುದಿಲ್ಲ.

ಚಳಿಯನ್ನೇ ತೆಗೆದುಕೊಳ್ಳಿ. ಹಿಮ ಬೀಳುವ ದೇಶದ ಹಾಡಿನಲ್ಲಿ ತಣ್ಣಗಿನ ಕೈ, ತಣ್ಣಗಿನ ಹಾಸಿಗೆ, ತಣ್ಣಗಿನ ಎದೆ ಅಂದರೆ ಪ್ರೀತಿ ಸತ್ತಿದೆ. ಏಪ್ರಿಲ್–ಮೇದಲ್ಲಿ 42 ಡಿಗ್ರಿ ಕಾಣುವ ಕಲಬುರಗಿಯಲ್ಲಿ ತಂಪು ಅಂದರೆ ಆಶೀರ್ವಾದ, ‘ನಿನ್ನ ಹೊಟ್ಟಿ ತಣ್ಣಗಿರಲಿ’ ಎಂದು ಹರಸುವವರು ನಾವು. ಅಲ್ಲಿ ಬೇಸಿಗೆ ಅಂದರೆ ರಜೆ, ಸಮುದ್ರದ ದಂಡೆ, ಹೊಸ ಪ್ರೇಮ. ಆದ್ದರಿಂದ ಬೇಸಿಗೆ ಮುಗಿಯಿತು ಎಂಬ ಸಾಲು ಅಲ್ಲಿ ದುಃಖದ್ದು. ಇಲ್ಲಿ ಬೇಸಿಗೆ ಮುಗಿಯಿತು ಎಂದರೆ ಉಸಿರು ಬಂತು. ಮಳೆಯೂ ಹಾಗೆ: ಅಲ್ಲಿ ಕಿಟಕಿಗೆ ಬಡಿಯುವ ಮಳೆ ಒಂಟಿತನ, ತೊಗರಿ ಬಿತ್ತಲು ಮುಗಿಲು ನೋಡುವ ನಮಗೆ ಅದು ಕಾಳು. ಬಿಳಿ ಉಡುಪು ಅಲ್ಲಿ ಮದುವೆ ಹೆಣ್ಣಿನದು, ಕಪ್ಪು ಶವಯಾತ್ರೆಯದು. ಬಿಳಿ ಸೀರೆ ಕಂಡ ಕೂಡಲೇ ನಮ್ಮಲ್ಲಿ ಏಳುವ ನೆನಪೇ ಬೇರೆ. ಗೂಬೆ ಅಲ್ಲಿ ಜಾಣ ಹಕ್ಕಿ. ಹಾವಂತೂ ಪೂರಾ ತಿರುವುಮುರುವು: ನಮ್ಮಲ್ಲಿ ಪಂಚಮಿಗೆ ಹಾಲೆರೆಸಿಕೊಳ್ಳುವ ನಾಗಪ್ಪ, ಅಲ್ಲಿ ಹಣ್ಣು ತಿನ್ನಿಸಿ ತೋಟದಿಂದ ಹೊರಹಾಕಿಸಿದ ವಂಚಕ.

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ. ಹಾಡಿನಲ್ಲಿ ಬರುವ ಪ್ರತಿ ವಸ್ತು, ಬಣ್ಣ, ಪ್ರಾಣಿ, ಋತುವಿನ ಎದುರು ‘ಅಲ್ಲಿ ಏನು’, ‘ಇಲ್ಲಿ ಏನು’ ಬರೆಯಿರಿ. ಎರಡೂ ಬೇರೆಯಾದ ಕಡೆ ಚುಕ್ಕಿ ಇಡಿ. ನಮ್ಮ ಓದು ಜಾರುವುದು ಆ ಚುಕ್ಕಿಗಳ ಹತ್ತಿರವೇ.

ತೋಟ, ತಿನ್ನಬಾರದ ಹಣ್ಣು (ಹಾಡುಗಳಲ್ಲಿ ಅದು ಸೇಬು), ದೇವದೂತ, ಮುತ್ತಿಟ್ಟು ಹಿಡಿದುಕೊಟ್ಟ ಗೆಳೆಯ, ನೀರಿನಲ್ಲಿ ಮುಳುಗಿಸಿ ಎತ್ತುವುದು, ಇವೆಲ್ಲ ಬೈಬಲಿನವು. ಪಾಪ್ ಬರೆಯುವವರು ದೇವರನ್ನು ನಂಬಲಿ ಬಿಡಲಿ, ಈ ಚಿತ್ರಗಳನ್ನು ಬಿಡುವುದಿಲ್ಲ. ಕನ್ನಡ ಸತ್ಯವೇದ ತೆರೆದು ಆದಿಕಾಂಡದ ಮೊದಲ ನಾಲ್ಕು ಅಧ್ಯಾಯ, ಮತ್ತಾಯನ ಸುವಾರ್ತೆಯ ಕೊನೆಯ ಮೂರು ಅಧ್ಯಾಯ ಓದಿಕೊಂಡರೆ ಹೆಚ್ಚಿನವು ಸಿಕ್ಕುತ್ತವೆ. ಬೀದರಿನಲ್ಲಿ ಮೆಥೋಡಿಸ್ಟ್ ಚರ್ಚಿಗೆ ಹೋಗುವ ಗೆಳೆಯರಿದ್ದರೆ ಕೇಳಿದರೂ ಆದೀತು.

ಆಡುಮಾತಿಗೆ ಮಾತ್ರ ಡಿಕ್ಷನರಿ ಸಾಲದು. ‘ಮಾಲಿ’ ಎಂದು ಕೇಳಿಸಿದ್ದು ಹುಡುಗಿಯ ಹೆಸರಲ್ಲ, ತೋಟದವನಂತೂ ಅಲ್ಲ, ಎಂಡಿಎಂಎ ಎಂಬ ಮಾದಕ. ‘ಬ್ಲೂ’ ಬಣ್ಣವಷ್ಟೇ ಅಲ್ಲ, ಮಂಕು. ‘ಹೈ’ ಎತ್ತರ ಅಲ್ಲ, ನಶೆ. ಸರಳ ಶಬ್ದ ವಿಚಿತ್ರ ಜಾಗದಲ್ಲಿ ಕೂತಿದ್ದರೆ ಅಲ್ಲೊಂದು ಆಡುಮಾತು ಇದೆಯೆಂದು ಅನುಮಾನಿಸಿ.

ಬೆಡಗಿನ ವಚನ ಓದಿದವರಿಗೆ ಒಂದು ಕಿವಿಮಾತು. ಬೆಡಗಿಗೆ ಟೀಕೆ ಬರೆದವರ ಕೈಯಲ್ಲಿ ಇಂಥ ಸಂಕೇತಕ್ಕೆ ಇಂಥ ಅರ್ಥ ಎಂಬ ಪರಂಪರೆಯ ಬೀಗದ ಕೈ ಇತ್ತು. ಪಾಪ್‌ಗೆ ಅಂಥ ಕೈ ಇಲ್ಲ. ಒಂದು ಹಾಡಿನ ನೀರು ಸಾವು, ಅದೇ ಗಾಯಕಿಯ ಮುಂದಿನ ಹಾಡಿನಲ್ಲಿ ಬಿಡುಗಡೆ. ಸಂಕೇತದ ಅರ್ಥವನ್ನು ಆ ಹಾಡಿನೊಳಗೇ ಕಂಡುಕೊಳ್ಳಬೇಕು. ಪ್ರತಿ ಶಬ್ದಕ್ಕೂ ಒಳಅರ್ಥ ಹುಡುಕುತ್ತ ಹೋಗಬೇಡಿ, ಎಷ್ಟೋ ಶಬ್ದ ಬಂದಿರುವುದು ಪ್ರಾಸಕ್ಕೆ. ಸಾಲಿನ ಕೊನೆಯ ಶಬ್ದ ಹಿಂದಿನ ಸಾಲಿಗೆ ಪ್ರಾಸ ಹೊಂದಿಸಿದ್ದಾದರೆ ಅದರ ಮೇಲೆ ದೊಡ್ಡ ಅರ್ಥದ ಹೊರೆ ಹೇರುವ ಮುನ್ನ ಯೋಚಿಸಿ.

ಕಟ್ಟಿದ ಒಂದು ಹಾಡಿನ ಮೇಲೆ ಪ್ರಯೋಗ

ಇದು ಅಭ್ಯಾಸಕ್ಕೆಂದೇ ಕಟ್ಟಿದ್ದು. ಡಾರ್ಕ್ ಪಾಪ್‌ನ ಅಂಗರಚನೆ, ಕಲಬುರಗಿ ಮಾತು.

ಚರಣ:
ನನ್ನ ಖೋಲ್ಯಾಗ ನೀ ಬಂದು ಕುಂತಿ
ಬಾಕಲಾ ತೆಗದಿಲ್ಲ, ಸಪ್ಪಳ ಇಲ್ಲ
ನಾ ನಕ್ಕರ ನೀನೂ ನಗತಿ
ನಿನ್ನ ನಗಿಗಿ ಕಣ್ಣಿಲ್ಲ

ಪಲ್ಲವಿ:
ಹೋಗಬ್ಯಾಡ, ಇನ್ನೊಂದು ರಾತ್ರಿ ಇರು
ನೀ ಇದ್ದರ ನಿದ್ದಿ ಇಲ್ಲ
ನೀ ಹೋದರ ನಾ ಇಲ್ಲ

ಚರಣ:
ಅವ್ವ ಕೇಳ್ತಾಳ, ಊಟ ಆತೇನು
ಆತು ಅಂತಿ ನೀನೇ, ನನ್ನ ದನಿಲೆ

ಬ್ರಿಜ್:
ನಿನ್ನಿ ಕನ್ನಡಿ ಒರಸಿದೆ
ಅಲ್ಲಿ ಒಬ್ಬನೇ ಇದ್ದ

ಕೊನೆಯ ಪಲ್ಲವಿ:
ಹೋಗು, ಇನ್ನೊಂದು ರಾತ್ರಿ ಬ್ಯಾಡ
ನೀ ಇದ್ದರ ನಾ ಇಲ್ಲ
ನೀ ಹೋದರ ನಿದ್ದಿ ಬಂದೀತು

ಮೊದಲ ಓದಿಗೆ ಇದು ವಿರಹ. ಪಲ್ಲವಿಯ ‘ಹೋಗಬ್ಯಾಡ’ ಅಷ್ಟನ್ನೇ ಹಿಡಿದರೆ ಪ್ರಿಯತಮೆ ಎಂದೇ ಅನ್ನಿಸುತ್ತದೆ. ಆದರೆ ಎರಡು ಸಾಲು ತೊಡಕುತ್ತವೆ: ಬಾಗಿಲು ತೆಗೆಯದೆ ಒಳಬಂದದ್ದು, ಅವ್ವನಿಗೆ ‘ನನ್ನ ದನಿಲೆ’ ಉತ್ತರ ಕೊಟ್ಟದ್ದು. ದೆವ್ವ ಅಂದರೆ ಮೊದಲ ತೊಡಕು ಬಿಡುತ್ತದೆ, ಆದರೆ ದೆವ್ವವನ್ನು ಇರು ಎಂದು ಬೇಡಿಕೊಳ್ಳುವುದೇಕೆ? ಬ್ರಿಜ್ ಬಂದ ಮೇಲೆ ನೋಡಿ, ಕನ್ನಡಿಯಲ್ಲಿ ‘ಒಬ್ಬನೇ’. ಮಾತಾಡುವವನು ಗಂಡು, ಕೋಣೆಯಲ್ಲಿ ಇನ್ಯಾರೂ ಇಲ್ಲ. ‘ನೀನು’ ಅವನ ಮನಸ್ಸನ್ನು ಹಿಡಿದು ಕೂತ ಮಂಕು, ಅವನದೇ ದನಿಯಲ್ಲಿ ಎಲ್ಲ ಸರಿ ಇದೆ ಎಂದು ಹೇಳಿಸುವಂಥದ್ದು. ಇದೇ ಹಾಡು ಇಂಗ್ಲಿಷಿನಲ್ಲಿದ್ದರೆ ಆ ಸಾಲು ಗಂಡು ಹೆಣ್ಣು ಹೇಳದೆಯೂ ದಾಟಿಹೋಗಬಹುದಿತ್ತು, ಕನ್ನಡಕ್ಕೆ ಇಳಿಸುವವರು ‘ಒಬ್ಬನೇ ಇದ್ದ’, ‘ಒಬ್ಬಾಕೀನೇ ಇದ್ದಳು’ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು.

ಈಗ ಎರಡು ಪಲ್ಲವಿ ಪಕ್ಕಪಕ್ಕ ಇಡಿ. ಮೊದಲನೆಯದರಲ್ಲಿ ‘ನೀ ಹೋದರ ನಾ ಇಲ್ಲ’, ಕೊನೆಯದರಲ್ಲಿ ‘ನೀ ಇದ್ದರ ನಾ ಇಲ್ಲ’. ಒಂದೇ ಶಬ್ದ ಅದಲುಬದಲಾಗಿ ಹಾಡು ಪೂರಾ ಹೊರಳಿತು. ಕೊನೆಯ ‘ನಿದ್ದಿ’ ಮಾತ್ರ ಕಗ್ಗಂಟು. ನಿಜವಾದ ನಿದ್ದೆಯೋ, ಮತ್ತೆ ಏಳದ ನಿದ್ದೆಯೋ? ‘ಬಂದೀತು’ ಎಂಬ ಸಂಭಾವನಾರ್ಥಕ ರೂಪದಲ್ಲಿ ಆಸೆಯ ಛಾಯೆ ಇದೆ, ಅವನು ‘ಹೋಗು’ ಅನ್ನುವುದು ಮಂಕಿಗೆ. ಆದ್ದರಿಂದ ನಿಜವಾದ ನಿದ್ದೆ ಎಂಬ ಕಡೆಗೇ ತಕ್ಕಡಿ ವಾಲುತ್ತದೆ. ಇದಕ್ಕೆ ರಾಗ ಹಾಕಿ, ಅದು ಷಡ್ಜಕ್ಕೆ ಬಂದು ನಿಲ್ಲದೆ ನಡುವೆ ಕಡಿದಿದ್ದರೆ ಈ ತೀರ್ಮಾನವನ್ನು ಮತ್ತೆ ತೂಗಬೇಕಾಗುತ್ತಿತ್ತು.

ಐದನೆಯ ಸಲ: ಸಾಕ್ಷಿ ತೂಗುವುದು

ಹಾಡಿನ ಮಾತು ಮೊದಲ ಸಾಕ್ಷಿ, ಸಂಗೀತ ಎರಡನೆಯದು. ಆಮೇಲೆ ಬರೆದವರ ಸಂದರ್ಶನ. ವಿಡಿಯೊ ಅದರ ನಂತರ, ಏಕೆಂದರೆ ವಿಡಿಯೊಗೆ ಬೇರೆಯೇ ನಿರ್ದೇಶಕರಿರಬಹುದು, ಅದು ಹಾಡಿನ ಮೇಲೆ ಅವರು ಮಾಡಿದ ಒಂದು ಓದು. ಅಭಿಮಾನಿಗಳ ಊಹೆ ಕೊನೆಗೆ. ಈ ಸಾಲನ್ನು ತಲೆಕೆಳಗು ಮಾಡಿ, ಊಹೆಯನ್ನೇ ಮೊದಲು ಓದಿದವರಿಗೆ ಹಾಡಿನಲ್ಲಿ ಅದೇ ಕೇಳಿಸಲು ಶುರುವಾಗುತ್ತದೆ.

ಸಂದರ್ಶನ ಏಕೆ ಬೇಕು ಎನ್ನಲು ಹಳೆಯ ಉದಾಹರಣೆ ಸಾಕು. ದಿ ಪೊಲೀಸ್ ತಂಡದ 1983ರ ‘ಎವ್ರಿ ಬ್ರೆತ್ ಯು ಟೇಕ್’ ಅನ್ನು ಜನ ಮದುವೆಗಳಲ್ಲೂ ಹಾಕಿಸಿದರು. ಬರೆದ ಸ್ಟಿಂಗ್ ಅದು ಬೆನ್ನು ಬಿಡದೆ ಕಾಯುವ, ಸ್ವಂತ ಸೊತ್ತೆಂದು ಹಿಡಿಯುವ ಮನಸ್ಸಿನ ಹಾಡೆಂದು ಹೇಳುತ್ತಲೇ ಬಂದ. ಫಾಸ್ಟರ್ ದಿ ಪೀಪಲ್ ತಂಡದ ‘ಪಂಪ್ಡ್ ಅಪ್ ಕಿಕ್ಸ್’ 2010ರದು. ಸಿಳ್ಳೆ ಹಾಕಿಕೊಂಡು ಹೋಗುವಂಥ ಧಾಟಿ, ಒಳಗೆ ಬಂದೂಕಿನ ಯೋಚನೆಯಲ್ಲಿರುವ ಹುಡುಗನ ತಲೆ. ಎರಡರಲ್ಲೂ ಸುಳಿವು ಸಾಹಿತ್ಯದಲ್ಲೇ ಇತ್ತು. ಧಾಟಿಗೆ ಮರುಳಾಗಿ ಯಾರೂ ಓದಲಿಲ್ಲ, ಅಷ್ಟೇ.

ಕೊನೆಗೆ ನಿಮ್ಮ ಓದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: ಯಾರು, ಯಾರಿಗೆ, ಏನು ಹೇಳುತ್ತಿದ್ದಾರೆ, ಕೊನೆಯಲ್ಲಿ ಏನು ಬದಲಾಯಿತು. ಅದರ ಕೆಳಗೆ ಹಾಡಿನಿಂದಲೇ ಎತ್ತಿದ ಮೂರು ಸಾಕ್ಷಿ, ಅದಕ್ಕೆ ಒಗ್ಗದ ಒಂದು ಸಾಲು. ಒಗ್ಗದ ಸಾಲು ಒಂದೂ ಸಿಗದಿದ್ದರೆ ನೀವು ಸರಿಯಾಗಿ ಹುಡುಕಿಲ್ಲ. ಒಗ್ಗದವು ಮೂರಕ್ಕಿಂತ ಹೆಚ್ಚಾದರೆ ‘ನೀನು’ ಹಂತಕ್ಕೆ ಮರಳಿ ಹೋಗಿ. ಕೆಡುವುದು ಬಹುಪಾಲು ಅಲ್ಲೇ.

ಹಾಡು ಕೇಳುವವರ ಬಗ್ಗೆ

ಹಾಸ್ಟೆಲಿನಲ್ಲಿ ಯಾರೋ ರಾತ್ರಿಯಿಡೀ ಇಂಥ ಹಾಡು ಹಾಕುತ್ತಾರೆಂದು ಅವರ ಮನಸ್ಸು ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಮೊಹರಂ ಪದ ಹಾಡುವವರೆಲ್ಲ ವರ್ಷವಿಡೀ ಅಳುತ್ತಿರುವುದಿಲ್ಲವಲ್ಲ. ಹಾಡಿನಿಂದ ರೋಗ ಹುಡುಕುವುದು ಹಾಡಿಗೂ ಅನ್ಯಾಯ, ಮನುಷ್ಯರಿಗೂ ಅನ್ಯಾಯ. ಆದರೆ ಅವರು ತಮ್ಮ ಸ್ವಂತ ಮಾತಿನಲ್ಲಿ ಬದುಕು ಸಾಕು ಅಂದರೆ, ಊಟ ನಿದ್ದೆ ಬಿಟ್ಟರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ ಹಾಡಿನ ಮಾತು ಬದಿಗಿಟ್ಟು ‘ಸಾಯೋ ವಿಚಾರ ಬರ್ಲಿಕತ್ತದೇನು?’ ಎಂದು ನೇರ ಕೇಳಿ. ಕೇಳಿದರೆ ಆ ವಿಚಾರ ತಲೆಗೆ ಹೊಗುತ್ತದೆಂಬ ಭಯ ಬೇಡ. ಅವರನ್ನು ಒಬ್ಬರನ್ನೇ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಹಚ್ಚಿಕೊಡಿ. ಕನ್ನಡದಲ್ಲೂ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ.

ಗುಂಪಿನಲ್ಲಿ ಮಾಡುವುದಾದರೆ

ನಾಲ್ಕು ಜನ ಸಾಕು, ಆರು ದಾಟಿದರೆ ಜೋರು ದನಿಯವರ ಓದೇ ಎಲ್ಲರ ಓದಾಗುತ್ತದೆ. ಮೊದಲ ಮೂರು ಸುತ್ತು ಒಬ್ಬೊಬ್ಬರೇ ಬೇರೆ ಬೇರೆ ಕೂತು ಮಾಡಿ, ಯಾರೂ ಬಾಯಿ ಬಿಡಬಾರದು. ಆಮೇಲೆ ಪ್ರತಿಯೊಬ್ಬರೂ ಚೀಟಿಯಲ್ಲಿ ‘ನೀನು’ ಯಾರೆಂದು ಒಂದೇ ಶಬ್ದದಲ್ಲಿ ಬರೆದು ಮಗುಚಿಡಿ, ಒಟ್ಟಿಗೇ ತಿರುವಿ. ನಾಲ್ಕೂ ಚೀಟಿಯಲ್ಲಿ ಒಂದೇ ಶಬ್ದ ಬಂದರೆ ಆ ಹಾಡು ಸುಲಭದ್ದು, ಬೇರೆ ಹಾಡು ತೆಗೆದುಕೊಳ್ಳಿ. ಬೇರೆ ಬೇರೆ ಬಂದರೆ ತಮ್ಮ ಚೀಟಿಗೆ ಒಗ್ಗದ ಸಾಲನ್ನು ಮೊದಲು ತೋರಿಸುವ ಸರದಿ ಅದನ್ನು ಬರೆದವರದೇ.